ಘಟ್ಟ ಹತ್ತಿದವರು

ಪ್ರವಾಸವೆಂಬುದು ಈಗ ಶನಿವಾರ ನಸುಕಿನಲ್ಲಿ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಮಾತಾಗಿದೆ. ಮೂರು ದಿನದ ರಜ ಒಟ್ಟಿಗೆ ಸಿಕ್ಕಿತೆಂದರೆ ಬೆಂಗಳೂರಿನವರ ಬಾಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಚಿಕ್ಕಮಗಳೂರು ಒಂದು. ಅಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇದೆ: ಮುಳ್ಳಯ್ಯನಗಿರಿ ಇದೆ, ಮಂಜಿದೆ, ಅಬ್ಬಿಗಳಿವೆ, ಕಾಫಿ ಇದೆ. ಉತ್ತರದಲ್ಲಿ ತಪ್ಪೇನೂ ಇಲ್ಲ. 1,930 ಮೀಟರು ಎತ್ತರದ ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ಶಿಖರ; ಅದರ ನೆತ್ತಿಯಲ್ಲಿ ನಿಂತು ಬೀಸುವ ಗಾಳಿಗೆ ಮುಖವೊಡ್ಡುವುದು ಒಂದು ಸುಖವೇ ಸರಿ. ಆದರೆ ಸುಮ್ಮನೆ ನೋಡಿಬರಲೆಂದು ಈ ಬೆಟ್ಟಗಳನ್ನು ಹತ್ತುವವರ ಚರಿತ್ರೆ ತೀರ ಈಚಿನದು. ಅದಕ್ಕೆ ಮುಂಚೆ ಸಾವಿರ ವರ್ಷ ಇಲ್ಲಿಗೆ ಬಂದವರೆಲ್ಲ ಏನನ್ನೋ ಹೊತ್ತು ತಂದವರು, ಇಲ್ಲವೆ ಏನನ್ನೋ ಹೊತ್ತುಕೊಂಡು ಹೋದವರು. ಅವರು ಯಾರು, ಏತಕ್ಕೆ ಬಂದರು, ಏನು ಬಿಟ್ಟುಹೋದರು ಎಂಬುದನ್ನು ತಿಳಿಯಬೇಕೆಂದು ನಾನು ಚಿಕ್ಕಮಗಳೂರಿನಿಂದ ಮೂಡಿಗೆರೆಗೂ, ಅಲ್ಲಿಂದ ಕಳಸಕ್ಕೂ ಬಸ್ಸಿನಲ್ಲಿ ಹೋಗಿಬಂದೆ. ಸ್ವಂತ ಕಾರಿನಲ್ಲಿ ಹೋಗುವವರಿಗೆ ಊರುಗಳ ಹೆಸರು ಹಲಗೆಯ ಮೇಲೆ ಕಾಣಿಸುತ್ತವೆ. ಬಸ್ಸಿನವರಿಗೆ ಅವು ಕಂಡಕ್ಟರ ಬಾಯಿಂದ ಕಿವಿಗೆ ಬೀಳುತ್ತವೆ. ಚರಿತ್ರೆಯನ್ನು ಹುಡುಕುವವನಿಗೆ ಎರಡನೆಯದೇ ಲೇಸು.

ಮೊದಲು ಆ ಹೆಸರುಗಳನ್ನೇ ನೋಡೋಣ. ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗಡಿ ಎಂಬ ಊರಿದೆ. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಸುಂಕಸಾಲೆ ಎಂಬ ಊರಿದೆ. ಒಂದರ ಹೆಸರಿನಲ್ಲಿ ವ್ಯಾಪಾರ, ಮತ್ತೊಂದರ ಹೆಸರಿನಲ್ಲಿ ಆ ವ್ಯಾಪಾರದ ಮೇಲಿನ ತೆರಿಗೆ! ಕರಾವಳಿಯಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೇರಿ ಬರುತ್ತಿದ್ದ, ಮಲೆನಾಡಿನ ಮೆಣಸು, ಏಲಕ್ಕಿ, ಅಕ್ಕಿ ಕೆಳಗಿಳಿದು ಹೋಗುತ್ತಿದ್ದ ಕಾಲಕ್ಕೆ ಈ ಎರಡು ಹೆಸರುಗಳು ಸಾಕ್ಷಿ ನಿಂತಿವೆ. ಕೊಟ್ಟಿಗೆಹಾರದಲ್ಲಿರುವ ಕೊಟ್ಟಿಗೆ ಹೇರಿನ ಎತ್ತುಗಳನ್ನು ರಾತ್ರಿ ಕಟ್ಟುತ್ತಿದ್ದ ಕೊಟ್ಟಿಗೆಯೇ ಇರಬಹುದೆಂದು ಊಹಿಸುವ ಆಸೆ ನನಗಿದೆ. ಇಂದು ಅಲ್ಲಿ ಇಳಿಯುವವರು ನೀರುದೋಸೆ ತಿಂದು ಮುಂದೆ ಹೋಗುತ್ತಾರೆ. ದಾರಿಹೋಕರನ್ನು ನಿಲ್ಲಿಸಿಕೊಂಡು ಉಪಚರಿಸುವ ಕಸುಬನ್ನು ಮಾತ್ರ ಆ ಊರು ಬಿಟ್ಟಿಲ್ಲ.

ಅಂಗಡಿಯ ಹಳೆಯ ಹೆಸರು ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ. ಹುಲಿಯನ್ನು ಹೊಡೆದ ಸಳನ ಕಥೆಯನ್ನು ಶಾಲೆಯಲ್ಲಿ ಓದದ ಕನ್ನಡಿಗರಿಲ್ಲ; ಆ ಕಥೆ ನಡೆಯಿತೆಂದು ಹೇಳುವ ವಾಸಂತಿಕಾ ದೇವಿಯ ಸನ್ನಿಧಿ ಇದೇ. ಕಥೆಯ ಮಾತು ಹೇಗಾದರೂ ಇರಲಿ, ಹೊಯ್ಸಳರ ಮೂಲ ನೆಲೆ ಈ ಬೆಟ್ಟಸಾಲು ಎಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. 'ಮಲೆಪರೊಳ್ ಗಂಡ' ಎಂಬುದು ಆ ಅರಸರು ಕಡೆಯವರೆಗೂ ಬಿಡದೆ ಧರಿಸಿಕೊಂಡ ಬಿರುದು. ಮಲೆಪರೆಂದರೆ ಬೆಟ್ಟದ ಪಾಳೆಯಗಾರರು. ಅವರನ್ನು ಗೆದ್ದ ಮೇಲೆಯೇ ಹೊಯ್ಸಳರು ಬಯಲಿಗಿಳಿದದ್ದು. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ. ಬೇಲೂರನ್ನು ನೋಡಲು ದೇಶವಿದೇಶಗಳ ಜನ ಬರುತ್ತಾರೆ. 2023ರಲ್ಲಿ ಅದು ಹಳೇಬೀಡು, ಸೋಮನಾಥಪುರಗಳೊಡನೆ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಅಂಗಡಿಯ ಶಿಥಿಲವಾದ ಬಸದಿಗಳ ಬಳಿ ನಾನು ಹೋದ ದಿನ ಮತ್ತಾರೂ ಇರಲಿಲ್ಲ. ಮಗನ ಅರಮನೆಯನ್ನು ಕಂಡವರು ತಾಯಿಯ ಗುಡಿಸಲನ್ನು ಕೇಳುವುದು ಅಪರೂಪ.

ಕೊಟ್ಟಿಗೆಹಾರದಿಂದ ಜಾವಳಿ, ಕೆಳಗೂರು, ಸುಂಕಸಾಲೆ, ಹಿರೇಬೈಲುಗಳ ಮೇಲೆ ಹಾಯ್ದ ದಾರಿ ಭದ್ರೆಯ ಕಣಿವೆಗೆ ಇಳಿದಾಗ ಕಳಸ ಸಿಕ್ಕುತ್ತದೆ. ಬಹುಕಾಲ ಮೂಡಿಗೆರೆಗೆ ಸೇರಿದ್ದ ಕಳಸ ಈಚೆಗೆ ತಾನೇ ತಾಲ್ಲೂಕಾಗಿದೆ. ಈ ಸಣ್ಣ ಪೇಟೆ ಒಮ್ಮೆ ರಾಜಧಾನಿಯಾಗಿತ್ತೆಂದರೆ ಹೊಸಬರು ನಂಬಲಾರರು. ಹೊಂಬುಜದ ಸಾಂತರರ ಶಾಖೆಯೊಂದು ಇಲ್ಲಿಗೆ ಬಂದು ನೆಲೆಸಿತು; ಮುಂದೆ ಅದು ಘಟ್ಟದ ಕೆಳಗೆ ಕಾರ್ಕಳದಲ್ಲಿಯೂ ಗದ್ದುಗೆ ಮಾಡಿಕೊಂಡಿತು. ಕಳಸ-ಕಾರ್ಕಳದ ಭೈರರಸರೆಂದು ಹೆಸರಾದವರು ಇವರೇ. 13ನೆಯ ಶತಮಾನದಲ್ಲಿ ಇಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ಆಳಿದರೆಂದು ಕಳಸೇಶ್ವರನ ಗುಡಿಯ ಶಾಸನಗಳು ಹೇಳುತ್ತವೆ. ಜೈನ ಮನೆತನದವರು ಶಿವಾಲಯಕ್ಕೆ ದತ್ತಿ ಬಿಟ್ಟರು; ಅದೇ ಮನೆತನದ ವೀರಪಾಂಡ್ಯ 1432ರಲ್ಲಿ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ನಮ್ಮ ಭೂಪಟಗಳಲ್ಲಿ ಘಟ್ಟವೆಂದರೆ ಎರಡು ಜಿಲ್ಲೆಗಳ ನಡುವೆ ಎಳೆದ ಗೆರೆ. ಭೈರರಸರಿಗೆ ಅದು ಗೆರೆಯಲ್ಲ, ಮನೆಯ ಅಟ್ಟಕ್ಕೂ ನಡುಮನೆಗೂ ಇದ್ದ ಏಣಿ. ಏಣಿ ಯಾರ ಕೈಯಲ್ಲಿದೆಯೋ ಮೇಲಿನ ಮೆಣಸೂ ಕೆಳಗಿನ ಉಪ್ಪೂ ಅವರದು.

ಕಳಸದ ಹತ್ತಿರ ಭದ್ರೆ ಬಂಡೆಗಳ ನಡುವೆ ಇರುಕಿ ಹರಿಯುವ ಅಂಬುತೀರ್ಥವಿದೆ. ಅಲ್ಲಿಯ ಒಂದು ದೊಡ್ಡ ಬಂಡೆಯ ಮೇಲೆ, ಇದನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಸಂಸ್ಕೃತದಲ್ಲಿ ಕೆತ್ತಿದೆ. ಭಕ್ತರು ಅದನ್ನು ಕಂಡು ಕೈಮುಗಿಯುತ್ತಾರೆ. ನಾನೂ ಕೆತ್ತನೆಯ ಮುಂದೆ ನಿಂತೆ. ಕಲ್ಲನ್ನು ಎತ್ತಿದವರ ಹೆಸರನ್ನು ಕಲ್ಲಿನ ಮೇಲೆಯೇ ಬರೆದಿಟ್ಟ ಎಡೆ ಈ ಸೀಮೆಯಲ್ಲಿ ಇದೊಂದನ್ನೇ ನಾನು ಕಂಡೆನೆಂಬುದು ಆಗ ತಟ್ಟನೆ ಹೊಳೆಯಿತು. ಚಾರ್ಮಾಡಿಯ ತಿರುವುಗಳಲ್ಲಿ ಕಟ್ಟಿದ ತಡೆಗೋಡೆಗಳ ಕಲ್ಲುಗಳೆಷ್ಟು, ತೋಟಗಳ ಅಗಳಿನ ಬದಿಯಲ್ಲಿ ಪೇರಿಸಿದ ಕಲ್ಲುಗಳೆಷ್ಟು! ಅವುಗಳ ಮೇಲೆ ಯಾರ ಹೆಸರೂ ಇಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಅರಸರೂ ಯಾತ್ರಿಕರೂ ಆದಮೇಲೆ ಈ ಬೆಟ್ಟಕ್ಕೆ ಬಂದ ಅತಿಥಿ ಮನುಷ್ಯನಲ್ಲ, ಒಂದು ಬೀಜ. ಬಾಬಾಬುಡನರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮನ್ ದೇಶದ ಮೋಖಾದಿಂದ ಏಳು ಕಾಫಿ ಬೀಜಗಳನ್ನು ಮರೆಯಲ್ಲಿ ತಂದು ಚಂದ್ರದ್ರೋಣ ಪರ್ವತದ ಗುಹೆಯ ಬಳಿ ಬಿತ್ತಿದರೆಂಬ ಕಥೆ ಸರ್ವವಿದಿತ. ಅರಬರು ಮೊಳೆಯುವ ಬೀಜವನ್ನು ಹೊರಗೆ ಬಿಡುತ್ತಿರಲಿಲ್ಲವಂತೆ. ಆದ್ದರಿಂದಲೇ ಈ ಗುಟ್ಟು. ಸಾಮಾನ್ಯವಾಗಿ 1670ರ ಸುಮಾರೆಂದು ಹೇಳುತ್ತಾರೆ. ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಇಸವಿಗೆ ಕಾಗದದ ಆಧಾರವಿಲ್ಲ. ಏಳು ಎಂಬ ಎಣಿಕೆಯೂ ಭಕ್ತಿಯ ಎಣಿಕೆಯೇ. ಆದರೆ ಕಥೆಯ ತಿರುಳು ಗಟ್ಟಿಯಾದದ್ದು. ಹಜ್ ಯಾತ್ರೆಯ ಹಡಗುಗಳು, ಮಸಾಲೆಯ ಹಡಗುಗಳು ನಮ್ಮ ಪಡುವಣ ಕರಾವಳಿಗೂ ಕೆಂಪು ಸಮುದ್ರಕ್ಕೂ ನಡುವೆ ಎಡೆಬಿಡದೆ ಓಡಾಡುತ್ತಿದ್ದ ಕಾಲ ಅದು. ಫಕೀರರು, ಜೋಗಿಗಳು, ದತ್ತಭಕ್ತರು ಒಂದೇ ಕಾಲುದಾರಿಯಲ್ಲಿ ಆ ಗುಹೆಗೆ ಹತ್ತುತ್ತಿದ್ದರು. ಆ ಕ್ಷೇತ್ರದ ಹೆಸರಿನಲ್ಲಿ ದತ್ತಾತ್ರೇಯನೂ ಬಾಬಾಬುಡನರೂ ಜೊತೆಯಾಗಿಯೇ ಇದ್ದಾರೆ. ಈಚಿನ ದಶಕಗಳಲ್ಲಿ ಆ ಜೊತೆ ಕಚೇರಿ ಕೋರ್ಟುಗಳ ವ್ಯಾಜ್ಯವಾದದ್ದು ಬೇರೆ ಮಾತು. ದಾರಿ ಮಾತ್ರ ಇಬ್ಬರ ಕಾಲಿನಿಂದಲೂ ಸವೆದದ್ದು.

ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ 1615ರಲ್ಲಿ ಇಸ್ತಾಂಬುಲಿನಲ್ಲಿದ್ದು, ಅಲ್ಲಿಯ ಜನ ಕುಡಿಯುವ ಕಪ್ಪು ಪಾನೀಯದ ವಿಚಾರವನ್ನು ತನ್ನ ಸ್ನೇಹಿತನಿಗೆ ಬೆರಗಿನಿಂದ ಬರೆದ. ಅದೇ ಮನುಷ್ಯ 1623ರಲ್ಲಿ ಹೊನ್ನಾವರದಿಂದ ನಮ್ಮ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ರಾಜ್ಯವನ್ನು ಕಂಡ. ಕಾಫಿಯನ್ನು ಹೊಗಳಿದವನು ನಮ್ಮ ಘಟ್ಟವನ್ನು ಹತ್ತಿದ ಆ ಶತಮಾನದಲ್ಲಿಯೇ ಕಾಫಿಯೂ ನಮ್ಮ ಘಟ್ಟವನ್ನು ಹತ್ತಿತೆಂಬುದು ವಿನೋದದ ಯೋಗಾಯೋಗ.

ಇದಕ್ಕಿಂತ ದೊಡ್ಡ ವಿಷಯವೊಂದಿದೆ. ಡಚ್ಚರು 1696ರಲ್ಲಿ, ಮತ್ತೆ 1699ರಲ್ಲಿ ಮಲಬಾರ್ ಕರಾವಳಿಯಿಂದ ಕಾಫಿಯನ್ನು ಜಾವಾ ದ್ವೀಪಕ್ಕೆ ಸಾಗಿಸಿದರು. ಜಾವಾದ ಗಿಡ 1706ರಲ್ಲಿ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಸಂತತಿ 1714ರಲ್ಲಿ ಫ್ರಾನ್ಸಿನ ದೊರೆ 14ನೆಯ ಲೂಯಿಗೆ ಕಾಣಿಕೆಯಾಯಿತು. ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೆ, ಅಮೆರಿಕಾ ಖಂಡಕ್ಕೆ ಹಬ್ಬಿತು. ಟಿಪಿಕಾ ಎಂಬ ಪ್ರಸಿದ್ಧ ತಳಿ ಯೆಮನ್ನಿನಿಂದ ನೇರವಾಗಿ ಅಲ್ಲ, ಭಾರತದ ಮಾರ್ಗವಾಗಿ ಲೋಕಕ್ಕೆ ಹೋಯಿತೆಂದು ಈಚಿನ ತಳಿಶಾಸ್ತ್ರದ ಪರೀಕ್ಷೆಗಳೂ ಸೂಚಿಸುತ್ತವೆ. ಡಚ್ಚರು ಒಯ್ದ ಬೀಜ ಚಂದ್ರದ್ರೋಣದ್ದೇ ಎಂದು ಹೇಳಲು ದಾಖಲೆಯಿಲ್ಲ. ಆದರೂ ನಮ್ಮ ಪಡುವಣ ತೀರದಲ್ಲಿ ತಂಗಿ, ನಮ್ಮ ಮಳೆಯಲ್ಲಿ ಮೊಳೆತು, ಮತ್ತೆ ಹಡಗು ಹತ್ತಿದ ಗಿಡದ ಮಕ್ಕಳು ಮೊಮ್ಮಕ್ಕಳೇ ಅಮೆರಿಕಾ ಖಂಡದ ಎಷ್ಟೋ ತೋಟಗಳನ್ನು ತುಂಬಿದವು ಎಂಬುದು ಸಣ್ಣ ಮಾತಲ್ಲ.

ಹಾಗೆ ಲೋಕ ಸುತ್ತಿದ ಗಿಡ ತನ್ನ ತವರಿನಂಥ ಬೆಟ್ಟದಲ್ಲಿ ಬಹುಕಾಲ ಹಿತ್ತಲ ಗಿಡವಾಗಿಯೇ ಉಳಿಯಿತು. ಅದನ್ನು ತೋಟವಾಗಿ ಬೆಳೆಸಲು ಮೊದಲು ಕೈಹಾಕಿದ ಐರೋಪ್ಯನೆಂದರೆ ಕ್ಯಾನನ್ ಎಂಬ ದೊರೆ. 1830ರ ಸುಮಾರಿನಲ್ಲಿ ಬಾಬಾಬುಡನ್‌ಗಿರಿಯ ತೆಂಕಣ ಮಗ್ಗುಲಿನಲ್ಲಿ ತೋಟ ಹಾಕಿದ. ಅವನನ್ನು ನೋಡಿ ಗ್ರೀನ್ ಎಂಬುವನು 1843ರಲ್ಲಿ ಮಂಜರಾಬಾದಿನಲ್ಲಿ ಆರಂಭಿಸಿದ. ಆ ಬಳಿಕ ಬಂದವರಲ್ಲಿ ಹೆಸರಾದವನು ರಾಬರ್ಟ್ ಎಲಿಯಟ್. ಹದಿನೆಂಟರ ಹುಡುಗನಾಗಿ 1850ರ ದಶಕದ ನಡುವೆ ಬಂದು, ತೋಟ ಮಾಡಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ತೋಟಗಾರರ ಪರವಾಗಿ ಕುಳಿತು, 1871ರಲ್ಲಿಯೂ 1894ರಲ್ಲಿಯೂ ತನ್ನ ಅನುಭವಗಳನ್ನು ಪುಸ್ತಕವಾಗಿ ಬರೆದ. ಬೇಟೆ, ಗೊಬ್ಬರ, ನೆರಳಿನ ಮರ, ಜಾತಿಪದ್ಧತಿ, ಚಿನ್ನದ ಗಣಿ ಹೀಗೆ ಅವನು ಮುಟ್ಟದ ವಿಷಯವಿಲ್ಲ.

ನೆರಳಿನ ಮರದ ವಿಷಯದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಏಕೆಂದರೆ ಇಂದು ಪ್ರವಾಸಿಗಳು ಯಾವುದನ್ನು ಕಾಡೆಂದು ಕಣ್ಣರಳಿಸಿ ನೋಡುತ್ತಾರೋ ಅದರ ಬಹುಭಾಗ ಉಳಿದದ್ದು ಆ ವಾದದಿಂದ. ಮೊದಮೊದಲು ಅನೇಕರು ಕಾಡನ್ನು ನೆಲಮಟ್ಟ ಕಡಿದು, ಸುಟ್ಟು, ಬಯಲಿನಲ್ಲಿ ಕಾಫಿ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರೆಯುವ ಹುಳು ತೋಟತೋಟಗಳನ್ನೇ ಒಣಗಿಸಿತು. ಮದರಾಸು ಸರಕಾರ ಕಳಿಸಿದ ಡಾಕ್ಟರ್ ಬಿಡೀ 1869ರ ವರದಿಯಲ್ಲಿ ನೆರಳಿನ ಅಗತ್ಯವನ್ನು ಒತ್ತಿ ಹೇಳಿದ. ಅದೇ ವರ್ಷ ಸಿಂಹಳದಲ್ಲಿ ಎಲೆತುಕ್ಕಿನ ರೋಗ ಕಾಣಿಸಿಕೊಂಡಿತು. ಬಯಲು ಬೇಸಾಯದ ಸಿಂಹಳದ ಕಾಫಿ ಎರಡು ದಶಕಗಳಲ್ಲಿ ನೆಲಕಚ್ಚಿ, ಅಲ್ಲಿಯವರು ಚಹಾಕ್ಕೆ ತಿರುಗಿದರು. ಮೈಸೂರಿನ ತೋಟಗಾರರು ಹಳೆಯ 'ಚಿಕ್' ತಳಿಯನ್ನು ಬಿಟ್ಟು ಕೊಡಗಿನ ತಳಿಯನ್ನು ತಂದರು, ಅತ್ತಿ, ಹಲಸು, ಹಾಲುವಾಣಗಳ ನೆರಳನ್ನು ಕಾಪಾಡಿದರು, ಉಳಿದುಕೊಂಡರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಪ್ರಯೋಗಕೇಂದ್ರ ಸ್ಥಾಪನೆಯಾಯಿತು, ಎಸ್. 795 ಎಂಬ ತಳಿ 1940ರ ದಶಕದಲ್ಲಿ ಅಲ್ಲಿಂದಲೇ ರೈತರ ಕೈಸೇರಿ ಇಂದಿಗೂ ಮಲೆನಾಡಿನ ತೋಟಗಳಲ್ಲಿ ನಿಂತಿದೆ.

ದೊರೆಗಳ ಪುಸ್ತಕಗಳಲ್ಲಿ ಇದೆಲ್ಲ ಇದೆ. ಕೂಲಿಗಳ ಲೆಕ್ಕವೂ, ಅವರಿಗೆ ಕೊಟ್ಟ ಮುಂಗಡದ ಲೆಕ್ಕವೂ ಇದೆ. ಆದರೆ ಘಟ್ಟ ಹತ್ತುವಾಗ ಕೂಲಿ ಏನು ಕಂಡ, ಏನು ನೆನೆದ ಎಂಬುದು ಇಲ್ಲ. ಅವನೂ ಪ್ರವಾಸಿಯೇ ಅಲ್ಲವೆ? ತುಳುವರ ಬಾಯಲ್ಲಿ ಘಟ್ಟವೆಂದರೆ ಬೆಟ್ಟದ ದಾರಿಯಷ್ಟೇ ಅಲ್ಲ, ಮೇಲಿನ ನಾಡೂ ಹೌದು. ದಕ್ಷಿಣ ಕನ್ನಡದ ಭೂಮಿಯಿಲ್ಲದ ಬಡವರು ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು, ಸಂಸಾರ ಕಟ್ಟಿಕೊಂಡು, ಕಾಲುನಡಿಗೆಯಲ್ಲಿ ಚಾರ್ಮಾಡಿ ಹತ್ತುತ್ತಿದ್ದರು. ಬಣಕಲ್ಲಿನ ಹತ್ತಿರ ನನಗೆ ಸಿಕ್ಕಿದ ಒಬ್ಬ ಮುದುಕರು, ತಾವೂ ತೋಟದಲ್ಲಿ ಮೇಸ್ತ್ರಿಯಾಗಿ ನಿವೃತ್ತರಾದವರು, ತಮ್ಮ ತಂದೆಯ ಕಾಲದ ಮಾತು ಹೇಳಿದರು: "ದೀಪಾವಳಿ ಕಳೆದ ಮೇಲೆ ಹತ್ತುವುದು ಸ್ವಾಮಿ, ಪತ್ತನಾಜೆಗೆ ಮೊದಲು ಇಳಿಯುವುದು. ಒಂದು ಕಂಬಳಿ, ಒಂದು ಮಡಕೆ, ಒಂದು ಕಟ್ಟು ಒಣಮೀನು. ಇಳಿಯುವಾಗ ಎಣಿಸಿದರೆ ಹತ್ತಿದಷ್ಟು ಜನ ಇರುತ್ತಿರಲಿಲ್ಲ." ಕಡೆಯ ಮಾತನ್ನು ಅವರು ಹವಾಮಾನದ ಸಂಗತಿ ಹೇಳುವಂತೆ ಹೇಳಿದರು.

ಮಲೆನಾಡಿನ ಚಳಿಜ್ವರ ಎಂದರೆ ಆಗ ಮಾರಿಯೇ. ಅದರ ಜೊತೆಗೆ ಸಾಲ. 1859ರ 13ನೆಯ ಕಾನೂನಿನ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಮ್ಯಾಜಿಸ್ಟ್ರೇಟರು ಕರೆಸಿ, ಹಣ ಕೊಡು ಇಲ್ಲವೆ ಕೆಲಸಕ್ಕೆ ಹೋಗು ಎಂದು ಆಜ್ಞಾಪಿಸಬಹುದಾಗಿತ್ತು. ಎರಡನ್ನೂ ಮಾಡದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಬೇರೆಯವರು ಸಾಲ ತೀರಿಸದಿದ್ದರೆ ಸಿವಿಲ್ ದಾವೆ; ಕೂಲಿ ತೀರಿಸದಿದ್ದರೆ ಸೆರೆಮನೆ! ದಕ್ಷಿಣದ ತೋಟಗಾರರು ಈ ಕಾನೂನನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅದು ರದ್ದಾದದ್ದು 1925ರ ಶಾಸನದಿಂದ.

ಈ ಪ್ರಯಾಣದ ನಿಜವಾದ ಕಥನವನ್ನು ಬರೆದವರು ಯಾವ ದೊರೆಯೂ ಅಲ್ಲ, ನಮ್ಮ ಶಿವರಾಮ ಕಾರಂತರು. 1933ರಲ್ಲಿ ಬಂದ 'ಚೋಮನ ದುಡಿ'ಯನ್ನು ನಾವು ಅಸ್ಪೃಶ್ಯತೆಯ ಕಾದಂಬರಿಯೆಂದು ಓದುತ್ತೇವೆ, ಅದು ಸರಿ. ಆದರೆ ಅದು ಘಟ್ಟದ ಕಾದಂಬರಿಯೂ ಹೌದು. ತೋಟದ ಸಾಲ ತೀರಿಸಲೆಂದು ಚೋಮನ ಗಂಡುಮಕ್ಕಳು ಮೇಲಕ್ಕೆ ಹೋಗುತ್ತಾರೆ. ಒಬ್ಬ ಜ್ವರ ಹೊತ್ತು ಹಿಂದಿರುಗಿ ಸಾಯುತ್ತಾನೆ. ಒಬ್ಬ ಹಿಂದಿರುಗುವುದೇ ಇಲ್ಲ. ಕಡೆಗೆ ಮಗಳು ಬೆಳ್ಳಿಯೂ ಅದೇ ದಾರಿ ಹಿಡಿಯುತ್ತಾಳೆ. ಅಲ್ಲಿ ಅವಳಿಗೆ ಸಾಲ ತೀರಿದ ಬಗೆಯನ್ನು ಓದಿದವರು ಮರೆಯಲಾರರು. ಕೆಳಗೆ ಉಳುವ ಭೂಮಿ ಸಿಕ್ಕದವನ ಮಕ್ಕಳನ್ನು ಮೇಲಿನ ತೋಟ ನುಂಗಿತು. ಘಟ್ಟದ ಏಣಿಯನ್ನು ಅರಸರು ಹತ್ತಿದ್ದು ಬೇರೆ, ಚೋಮನ ಮಕ್ಕಳು ಹತ್ತಿದ್ದು ಬೇರೆ.

ಸ್ವಾತಂತ್ರ್ಯ ಬಂದ ಮೇಲೆ 1951ರ ತೋಟ ಕಾರ್ಮಿಕರ ಕಾನೂನು ಮನೆ, ನೀರು, ಔಷಧಿಗಳನ್ನು ಕೊಡುವುದು ಮಾಲೀಕನ ಹೊಣೆಯೆಂದಿತು. 1953ರಲ್ಲಿ ಆರಂಭವಾದ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಮಲೆನಾಡಿನ ಮುಖವನ್ನೇ ಬದಲಿಸಿತು. ಜ್ವರ ಹೋದ ಮೇಲೆಯೇ ಬಯಲುಸೀಮೆಯವರಿಗೆ ಈ ಬೆಟ್ಟಗಳು ರಮ್ಯವಾಗಿ ಕಂಡದ್ದು ಎಂದರೆ ತಪ್ಪಾಗದು. ಅಜ್ಜಿಯಂದಿರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಗೆಯುತ್ತಿದ್ದರು. ಮೊಮ್ಮಕ್ಕಳು ಮದುವೆಯಾದೊಡನೆ ಅಲ್ಲಿಗೇ ವಿಹಾರ ಹೋಗುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ನೆಲೆಸಿ, 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಂದಲೇ ಬರೆದರು. 1980ರ 'ಕರ್ವಾಲೊ' ಓದಿ ಆ ಕಾಡನ್ನು ಮೊದಲು ಮನಸ್ಸಿನಲ್ಲಿ ಸುತ್ತಿ, ಬಳಿಕ ಬಸ್ಸು ಹತ್ತಿದವರು ನನ್ನಂಥವರು ಎಷ್ಟೋ ಮಂದಿ.

ಹೊತ್ತುಕೊಂಡು ಹೋಗುವವರ ಪರಂಪರೆಯೂ ನಿಲ್ಲಲಿಲ್ಲ. ಕಳಸದಾಚೆಯ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪನೆಯಾದ ಕಂಪೆನಿ, ಇರಾನ್ ದೇಶದೊಡನೆ ಆದ ಒಪ್ಪಂದದ ಬಲದಿಂದ, ಬೆಟ್ಟದ ಕಬ್ಬಿಣವನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರು ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ತುಂಗಭದ್ರೆಯರು ಹುಟ್ಟುವ ಗಂಗಾಮೂಲ ಅದೇ ಸೀಮೆಯಲ್ಲಿದೆ ಎಂಬುದನ್ನು ನೆನೆದರೆ ಆ ತೀರ್ಪಿನ ಬೆಲೆ ತಿಳಿಯುತ್ತದೆ.

ಈಗ ಹತ್ತುತ್ತಿರುವವರು ನಾವು. 2013ರಲ್ಲಿ ಚಿಕ್ಕಮಗಳೂರಿಗೆ ರೈಲು ಬಂತು. ಆದರೆ ಬಹುಮಂದಿ ಬರುವುದು ಕಾರುಗಳಲ್ಲಿಯೇ. 2022ರಲ್ಲಿ ಚಂದ್ರದ್ರೋಣದ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿದಾಗ ಹೂವಿಗಿಂತ ವಾಹನಗಳೇ ಹೆಚ್ಚೋ ಎಂಬಂತಾಯಿತು. ಜಿಲ್ಲೆಯ ಆಡಳಿತದವರು ಗಿರಿಗೆ ಹತ್ತುವ ವಾಹನಗಳಿಗೆ ಮಿತಿ ಹಾಕಬೇಕಾಗಿ ಬಂದಿದೆ. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿಯ ದಾರಿ ಹಲವೆಡೆ ಕುಸಿಯಿತು; ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಮಣ್ಣುಪಾಲಾದವು. ಬೆಟ್ಟ ಎಷ್ಟು ಹೊರಬಲ್ಲದು ಎಂಬ ಪ್ರಶ್ನೆ ಇನ್ನು ಕವಿಗಳದಲ್ಲ, ಎಂಜಿನಿಯರರದು, ನಮ್ಮದು.

ಹಾಗಾದರೆ ಹೋಗಬಾರದೆ? ಹೋಗಲೇಬೇಕು. ಬೆಲೆ ಬಿದ್ದ ವರ್ಷ ಸಣ್ಣ ಬೆಳೆಗಾರನ ಕೈಹಿಡಿಯುವುದು ಹೋಂಸ್ಟೇಯ ನಾಲ್ಕು ಕೋಣೆಗಳು. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದ ಹತ್ತು ದಿನಕ್ಕೆ ಬೆಟ್ಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ಕಂಪು ಕವಿಯುವುದನ್ನು ಕಾಣದೆ ಕಾಫಿ ಕುಡಿಯುವವನು ನತದೃಷ್ಟ. ಆದರೆ ನೋಡುವುದನ್ನು ಸ್ವಲ್ಪ ವಿಸ್ತರಿಸಿಕೊಳ್ಳಬೇಕು. ಬೇಲೂರಿಗೆ ಹೋದವರು ಅಂಗಡಿಗೂ ಒಂದು ಗಳಿಗೆ ಹೋಗಬಹುದು. ಹೊರನಾಡಿನಲ್ಲಿ ಊಟ ಮಾಡಿದವರು ಎಂಟು ಕಿಲೋಮೀಟರು ಈಚೆಗೆ ಬಂದು ಕಳಸದ ರಾಣಿಯರ ಶಾಸನಗಳನ್ನು ಕಾಣಬಹುದು. ತೋಟದ ಬಂಗಲೆಯ ಜಗಲಿಯಲ್ಲಿ ಕುಳಿತವರು ಎದುರಿನ ಲೈನುಮನೆಗಳ ಸಾಲನ್ನೂ ನೋಡಬಹುದು. ಅಲ್ಲಿ ಈಗ ತುಳು ಮಾತು ಕಡಮೆಯಾಗಿದೆ. ಅಸ್ಸಾಮಿನಿಂದ, ಬಂಗಾಳದ ಕಡೆಯಿಂದ ಮೂರು ದಿನ ರೈಲಿನಲ್ಲಿ ಬಂದವರು ಹಣ್ಣು ಕುಯ್ಯುತ್ತಿದ್ದಾರೆ. ಅವರಲ್ಲಿ ಯಾರಾದರೂ ಎದುರಾದರೆ ಊರು ಯಾವುದು, ಹೆಸರು ಏನು ಎಂದು ಕೇಳುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇನ್ನೂರು ವರ್ಷಗಳಿಂದ ಈ ಘಟ್ಟ ಹತ್ತಿದವರನ್ನು ಯಾರೂ ಹಾಗೆ ಕೇಳಿ ಬರೆದಿಡಲಿಲ್ಲ. ಅವರು ಎತ್ತಿದ ಕಲ್ಲುಗಳ ಮೇಲೆ ಹೆಸರಿಲ್ಲದಿದ್ದರೂ ನಮ್ಮ ಬೆಳಗಿನ ಲೋಟದ ಹಿಂದೆ ಅವರಿದ್ದಾರೆ.